ವಾರ್ಡಿಗೆ ಕಳಿಸುವ ಮೊದಲೇ ಲಸಿಕೆ ಕೊಡಿ

ಮಾನ್ಯರೇ,

ಹಾಸನದ ಆಸ್ಪತ್ರೆಗಳಲ್ಲಿ ತರಬೇತಿ ಪಡೆಯುವ ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ರಕ್ತದ ಮೂಲಕ ಹರಡಿ ಯಕೃತ್ತಿಗೆ ಹಾನಿ ಮಾಡುವ ಹೆಪಟೈಟಿಸ್ ಬಿ ಸೋಂಕಿನ ಲಸಿಕೆಯ ಕುರಿತು ಪರೀಕ್ಷೆಗೆ ಬರೆಯುವಷ್ಟು ತಿಳಿವಳಿಕೆ ಇದ್ದರೂ, ತಾವೇ ಅದನ್ನು ಪೂರ್ತಿ ಪಡೆದಿದ್ದೀರಾ ಎಂದು ಕೇಳಿದರೆ ನನ್ನ ಪರಿಚಯದ ಹಲವರು ತಡವರಿಸುತ್ತಾರೆ. ಶಿಶುಗಳಿಗೆ ಈ ಲಸಿಕೆ ದೇಶದಾದ್ಯಂತ ವಿಸ್ತರಣೆಯಾದದ್ದು 2011ರ ಹೊತ್ತಿಗೆ. ಆದ್ದರಿಂದ ಈಗ ಕಾಲೇಜಿನಲ್ಲಿರುವ ಎಲ್ಲರಿಗೂ ಅದು ಬಾಲ್ಯದಲ್ಲೇ ಸಿಕ್ಕಿದೆ ಎಂದು ಭಾವಿಸುವಂತಿಲ್ಲ. ಲಸಿಕೆ ಪಡೆಯದವರಿಗೆ ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಂಭವ ಶೇ 6ರಿಂದ 30ರಷ್ಟಿದೆ. ಮೂರು ಡೋಸ್‌ಗಳು ಮುಗಿಯಲು ಆರು ತಿಂಗಳು ಬೇಕಾಗುವುದರಿಂದ, ಪ್ರವೇಶಾತಿಯ ವಾರದಲ್ಲೇ ಮೊದಲ ಡೋಸ್ ನೀಡಿ, ಕೊನೆಯ ಡೋಸ್‌ನ ಒಂದೆರಡು ತಿಂಗಳ ನಂತರ, ಲಸಿಕೆ ಫಲಿಸಿದೆಯೇ ಎಂದು ತಿಳಿಸುವ ಪ್ರತಿಕಾಯ ಪರೀಕ್ಷೆಯನ್ನೂ (ಇದನ್ನು ಕೇಳುವವರೇ ಇಲ್ಲ) ಕಾಲೇಜುಗಳು ಉಚಿತವಾಗಿ ಮಾಡಿಸಬೇಕು.

— ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳ ತಂದೆ, ಹಾಸನ