ಶಾಸಕರೇ, ಮಳೆ ಸಭೆಯನ್ನು ಶಿವರಾತ್ರಿಗೇ ಕರೆಯಿರಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದಲ್ಲೇ ಓಟು ಹಾಕುವವಳು. ಬೇಸಿಗೆ ಬಂತೆಂದರೆ ಸಂಡಿಗೆ, ಹಪ್ಪಳ ಮಾಡಿ ಗೊತ್ತಿದ್ದವರಿಗೆ ಮಾರುತ್ತೇನೆ. ಮೇ ಕೊನೆಯಲ್ಲಿ ಬೆಂಗಳೂರಿನಲ್ಲಿ ನೀವು ಕರೆಯುವ ಮುಂಗಾರು ಸಿದ್ಧತಾ ಸಭೆಯ ಬಗ್ಗೆ ಈ ಪತ್ರ. ಇದಕ್ಕೂ ಸಂಡಿಗೆಗೂ ಸಂಬಂಧ ಇದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಹದಿನೈದು ದಿನದ ಹಿಂದೆ, ಪಂಚಾಂಗದ ಅಶ್ವಿನಿ ಮಳೆಯಲ್ಲಿ, ಅಂದರೆ ಏಪ್ರಿಲ್‌ನಲ್ಲಿ, ತಾರಸಿ ಮೇಲೆ ಎರಡು ಪಂಚೆ ತುಂಬ ಅರಳು ಸಂಡಿಗೆ ಹಾಕಿದ್ದೆ. ನಾಲ್ಕು ಗಂಟೆವರೆಗೆ ಸುಡು ಬಿಸಿಲು. ಆಮೇಲೆ ಇದ್ದಕ್ಕಿದ್ದಂತೆ ಒಂದೆಲೆಯೂ ಅಲ್ಲಾಡಲಿಲ್ಲ. ಸಂಡಿಗೆ ಹಾಕುವವರಿಗೆ ಇದರ ಅರ್ಥ ಗೊತ್ತು. ಓಡಿ ಹೋಗಿ ಒಂದು ಪಂಚೆ ಮಡಚುವಷ್ಟರಲ್ಲಿ ಧೂಳೆದ್ದಿತು. ಇನ್ನೊಂದು ಪಂಚೆ ಸಂಡಿಗೆ ಸಮೇತ ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಸುತ್ತಿಕೊಂಡಿತು. ಗೋಲಿ ಗಾತ್ರದ ಆಲಿಕಲ್ಲು ತಲೆ ಮೇಲೆ ಟಪಟಪ ಬೀಳತೊಡಗಿತು. ಅಷ್ಟರಲ್ಲಿ ಬೀದಿಯಿಂದ ಮೊದಲು ಲಟಲಟ ಸದ್ದು, ಆಮೇಲೆ ನೆಲ ನಡುಗುವ ಹಾಗೆ ಧೊಪ್.

ನಮ್ಮ ಬೀದಿಯ ಗುಲ್‌ಮೊಹರ್ ಮರ ಆಟೋ ಮೇಲೆ ಬಿದ್ದಿತ್ತು. ಆಟೋದವರು ಮನೆಯೊಳಗೆ ಕಾಫಿ ಕುಡಿಯುತ್ತಿದ್ದರು, ಪುಣ್ಯ. ಆ ಆಟೋದ ಸಾಲದ ಕಂತು ಇನ್ನೂ ಮುಗಿದಿಲ್ಲ. ಗಾಳಿ ಬೀಸಿದ್ದು ಹತ್ತು ನಿಮಿಷ. ಕರೆಂಟು ಬಂದಿದ್ದು ಮಾರನೇ ದಿನ ಮಧ್ಯಾಹ್ನ.

ಬೆಳಿಗ್ಗೆ ಎಲ್ಲರೂ ಕೊಂಬೆ ನೋಡುತ್ತಿದ್ದರು. ನಾನು ಬೇರು ನೋಡಿದೆ. ಅಷ್ಟು ದೊಡ್ಡ ಮರದ ಬೇರು ಬಕೆಟ್ಟಿನಲ್ಲಿ ಬೆಳೆದ ತುಳಸಿ ಗಿಡದ ಬೇರಿನ ಹಾಗೆ ಗುಂಡಗೆ ಸುತ್ತಿಕೊಂಡಿತ್ತು. ಒಂದು ಪಕ್ಕ ಫುಟ್‌ಪಾತ್ ಕಾಂಕ್ರೀಟು ಕಾಂಡಕ್ಕೇ ಅಂಟಿಕೊಂಡಿತ್ತು. ಇನ್ನೊಂದು ಪಕ್ಕ ಯಾವಾಗಲೋ ಕೇಬಲ್ಲಿಗೋ ಪೈಪಿಗೋ ಅಗೆದವರು ಬೇರನ್ನು ನೇರವಾಗಿ, ಮೂಲಂಗಿ ಕತ್ತರಿಸಿದಂತೆ, ಕತ್ತರಿಸಿದ್ದರು. ಕತ್ತರಿಸಿದ ಜಾಗ ಕಪ್ಪಾಗಿ ಕೊಳೆತಿತ್ತು. ಮೇಲೆ ನೋಡಿದರೆ ವೈರ್ ಇರುವ ಕಡೆಯ ಕೊಂಬೆ ಎಲ್ಲ ಬೋಳು, ಭಾರವೆಲ್ಲ ರಸ್ತೆ ಕಡೆಗೆ. ಗುಲ್‌ಮೊಹರ್ ಬೇರು ಮೊದಲೇ ಆಳಕ್ಕೆ ಹೋಗುವುದಿಲ್ಲ. ಈಗ ಹೇಳಿ, ಮರ ಬೀಳಿಸಿದ್ದು ಬರೀ ಗಾಳಿನಾ?

ಮರದ ಕೊಂಬೆ ಸರಿದೂಗಿಸಿ ಕತ್ತರಿಸಿ ಎಂದು ನಾವು ನಾಲ್ಕು ಮನೆಯವರು ಸೇರಿ ಫೆಬ್ರವರಿಯಲ್ಲೇ ಅರ್ಜಿ ಕೊಟ್ಟಿದ್ದೆವು. ಬೆಳೆದ ಮರವನ್ನು ಸುಮ್ನೆ ನಾವೇ ಕಡಿಯುವ ಹಾಗಿಲ್ಲ, ಅದಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಇರಲೇಬೇಕು ಕೂಡ. ಕಚೇರಿಯಲ್ಲಿ ಸಿಕ್ಕ ಉತ್ತರ: "ಮಳೆಗಾಲಕ್ಕೆ ಮುಂಚೆ ಮಾಡ್ತೀವಿ ಮೇಡಂ." ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿಯೇ ಹೇಳಿದರು. ಅವರ ಲೆಕ್ಕದಲ್ಲಿ ಮಳೆಗಾಲ ಎಂದರೆ ಜೂನ್.

ನನ್ನ ತಕರಾರು ಈ ಜೂನ್ ಲೆಕ್ಕದ ಮೇಲೆ.

ಬೆಂಗಳೂರಿನಲ್ಲಿ ಮೇ ತಿಂಗಳ ಸರಾಸರಿ ಮಳೆ ಸುಮಾರು 128 ಮಿ.ಮೀ. ಜೂನ್‌ನಲ್ಲಿ ಸುಮಾರು 110. ಅಂದರೆ ನಾವು 'ಬೇಸಿಗೆ' ಎನ್ನುವ ತಿಂಗಳಲ್ಲೇ ಜಾಸ್ತಿ ಮಳೆ. ಗಾಳಿಯದಂತೂ ಕೇಳಲೇಬೇಡಿ. ಮಧ್ಯಾಹ್ನದ ಕಾವಿಗೆ ಮೇಲೇರಿದ ತೇವ ಸಂಜೆಗೆ ಬೆಟ್ಟದಂಥ ಮೋಡವಾಗುತ್ತದೆ. ಮಳೆ ಸುರಿಯುವಾಗ ಮೋಡದೊಳಗಿನ ತಣ್ಣನೆ ಗಾಳಿಯೂ ಜೊತೆಗೇ ಕೆಳಗೆ ಬಿದ್ದು, ನೆಲಕ್ಕೆ ಅಪ್ಪಳಿಸಿ ಸುತ್ತಲೂ ನುಗ್ಗುತ್ತದೆ. ಜುಲೈನ ಜಿಟಿಜಿಟಿ ಮಳೆಯಲ್ಲಿ ಈ ಆರ್ಭಟ ಇರುವುದಿಲ್ಲ. ನಿಮ್ಮ ಮುಂಗಾರು ಸಿದ್ಧತಾ ಸಭೆ, ಫೋಟೋ, ಹೂಳೆತ್ತುವ ಕೆಲಸದ ಉದ್ಘಾಟನೆ ಎಲ್ಲ ನಡೆಯುವುದು ಮೇ ಕೊನೆಯಲ್ಲಿ. ಮದುವೆ ಮುಗಿದ ಮೇಲೆ ಚಪ್ಪರ ಹಾಕಿದ ಹಾಗಾಯಿತು, ಅಲ್ವಾ?

"ಕಂಡು ಕೇಳರಿಯದ ಮಳೆ" ಎಂದು ಮಾತ್ರ ದಯವಿಟ್ಟು ಹೇಳಬೇಡಿ. 1909ರ ಮೇ 6ರಂದು ಈ ಊರಲ್ಲಿ ಒಂದೇ ದಿನಕ್ಕೆ 153.9 ಮಿ.ಮೀ. ಮಳೆ ಬಿದ್ದ ದಾಖಲೆ ಇದೆ. ಮಳೆ ಹಳೆಯದೇ. ಹೊಸದು ಕಾಂಕ್ರೀಟು. 2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ, ಊರು ನೋಡಲು ಬಂದಿದ್ದ ಮನೆಯವರ ಜೊತೆಯಲ್ಲಿದ್ದ ಒಬ್ಬ ಹೆಣ್ಣುಮಗಳು ತೀರಿಕೊಂಡಳು. ಅದು ಕೃತ್ತಿಕೆ ಮಳೆ. ಮರು ವರ್ಷ ಏಪ್ರಿಲ್ ಪೂರ್ತಿ ಒಣಗಿ ಹೋಯಿತು, ಟ್ಯಾಂಕರ್ ನೀರಿಗೆ ಕಾದು ಕೂತಿದ್ದೆವು. ಆಮೇಲೆ ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿದು ನೂರಾರು ಮರ ನೆಲಕ್ಕುರುಳಿದವು. ಅದು ರೋಹಿಣಿ ಮಳೆ. ಪಂಚಾಂಗ ತೆಗೆದರೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಲ್ಲವೂ ತಾರೀಖು ಸಮೇತ ಇವೆ. ನಿಮ್ಮ ಫೈಲಿನಲ್ಲಿ ಮಾತ್ರ ಇಲ್ಲ.

ಈ ಮಳೆಯ ಆಲಿಕಲ್ಲು ಬೆಳೆಗೂ ಹೊಡೆತ ಕೊಡುತ್ತದೆ. ನಮ್ಮ ಹಾಲಿನವರ ಅಣ್ಣನಿಗೆ ದೇವನಹಳ್ಳಿ ಕಡೆ ದ್ರಾಕ್ಷಿ ತೋಟ ಇದೆ. ಆ ಸಂಜೆಯ ನಂತರ ಎರಡು ದಿನ ಹಾಲಿನವರು ಸರಿಯಾಗಿ ಮಾತೇ ಆಡಲಿಲ್ಲ.

ಮಳೆ ಬೇಡ ಅನ್ನುತ್ತಿಲ್ಲ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ, ಬರಲಿ. ಮರ ಕಡಿಯಿರಿ ಅಂತಲೂ ಅಲ್ಲ. ಒಂದು ಮರ ಬಿದ್ದ ಮರುದಿನ ಗಟ್ಟಿಯಾಗಿರುವ ಐದು ಮರ ಕಡಿದು ಹೋಗುವುದನ್ನೂ ನೋಡಿದ್ದೇನೆ, ಅದು ಇನ್ನೂ ಕೆಟ್ಟದ್ದು. ನಾನು ಕೇಳುವುದು ಚಿಕ್ಕದು. ಸಭೆಯನ್ನು ಶಿವರಾತ್ರಿ ಹೊತ್ತಿಗೆ ಕರೆಯಿರಿ. ಚಳಿ ಶಿವಶಿವಾ ಅಂತ ಹೋಗುವ ಹೊತ್ತಿಗೆ ಮರದ ಬುಡದ ಕಾಂಕ್ರೀಟ್ ಒಡೆಸಿ, ಸುತ್ತ ಮೂರಡಿ ಮಣ್ಣು ಬಿಡಿಸಿ. ಎರಡೂ ಕಡೆ ತೂಕ ನೋಡಿ ಕೊಂಬೆ ಸವರಲಿ, ವೈರ್ ಕಡೆ ಮಾತ್ರ ಅಲ್ಲ. ರಸ್ತೆ ಅಗೆಯುವವರ ಜೊತೆ ಮರ ಗೊತ್ತಿರುವ ಒಬ್ಬರು ನಿಂತಿರಲಿ. ಮೋರಿ ಬಾಯಿ ಯುಗಾದಿಯೊಳಗೆ ಚೊಕ್ಕಟವಾಗಲಿ. ಯಲಹಂಕದ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಊರಿನ ಮಳೆ ಲೆಕ್ಕ ಎಲ್ಲ ಇದೆ. ಸಭೆಗೆ ಅವರನ್ನೂ ಕರೆಯಿರಿ.

ಇವತ್ತು ಭರಣಿ ನಡೆಯುತ್ತಿದೆ. ನಮ್ಮ ಬೀದಿಯ ಇನ್ನೊಂದು ಗುಲ್‌ಮೊಹರ್, ಅಂಗನವಾಡಿ ಗೇಟಿನ ಪಕ್ಕದ್ದು, ಮೈತುಂಬ ಕೆಂಪು ಹೂ ಹೊತ್ತು ರಸ್ತೆ ಕಡೆಗೆ ವಾಲಿದೆ. ಬುಡದ ಕಾಂಕ್ರೀಟು ಬಿರುಕು ಬಿಟ್ಟಿದೆ. ಹೋದ ವಾರ ಆ ಬಿರುಕಿನಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು, ಇವತ್ತು ಬೆಳಿಗ್ಗೆ ಹೆಬ್ಬೆರಳು ಹೋಯಿತು. ಕೃತ್ತಿಕೆ ಇನ್ನೂ ಬಾಕಿ ಇದೆ. ಅಷ್ಟರೊಳಗೆ ಒಂದು ಸಲ ಬಂದು ನೋಡಿ.

ಇಂತಿ,
ನಿಮ್ಮ ಕ್ಷೇತ್ರದ ಸಂಡಿಗೆಯವಳು