ನಾಳೆ ಸಕ್ಸಯ್‌ವಾಮನ್: ಹೊರಡುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ 8ಕ್ಕೆ ಹೋಟೆಲಿನ ಬಾಗಿಲಲ್ಲಿ ಸೇರೋಣ. ಪೆರುವಿನ ಈ ಕುಸ್ಕೋ ನಗರವೇ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಸಕ್ಸಯ್‌ವಾಮನ್ ಎಂಬ ಕೋಟೆ ಅದಕ್ಕೂ ಮೇಲೆ. ಸ್ಪ್ಯಾನಿಷರು ಬರುವ ಮುನ್ನ ಇಲ್ಲಿ ಆಳಿದ ಇಂಕಾಗಳು ಕಟ್ಟಿದ್ದು. ಏದುಸಿರು ಬರುವವರು, ಹಿರಿಯರು ಟ್ಯಾಕ್ಸಿಯಲ್ಲೇ ಬನ್ನಿ. ಪ್ರವಾಸಿ ಟಿಕೆಟ್ ಮರೆಯಬೇಡಿ.

ಅಲ್ಲಿರುವುದು ಮೂರು ಸಾಲಿನ ಅಂಕುಡೊಂಕು ಗೋಡೆ. ಫೋಟೊಗೆ ಅವಸರಪಡದೆ ಕೆಳಸಾಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ನೂರು ಟನ್ ಮೀರಿದ ಬಂಡೆಗಳಿವೆ. ಗಾರೆಯಿಲ್ಲ, ಕಬ್ಬಿಣದ ಉಳಿಯೂ ಇಂಕಾಗಳ ಬಳಿ ಇರಲಿಲ್ಲ; ಗಟ್ಟಿ ಕಲ್ಲುಗುಂಡುಗಳಿಂದ ಕುಟ್ಟಿ ಕುಟ್ಟಿಯೇ ಒಂದರ ಅಂಚಿಗೆ ಇನ್ನೊಂದನ್ನು ಕೂರಿಸಿದ್ದಾರೆ. (ಅನ್ಯಗ್ರಹದವರು ಕಟ್ಟಿದರೆನ್ನುವ ವಿಡಿಯೊಗಳನ್ನು ದಯವಿಟ್ಟು ಗುಂಪಿನಲ್ಲಿ ಹಂಚಬೇಡಿ. ಆ ಕಲ್ಲುಕುಟಿಗರಿಗೆ ಅದು ಅವಮಾನ.) ಮೇಲ್ಭಾಗ ಬೋಳಾಗಿರುವುದಕ್ಕೆ ಕಾರಣ ಸ್ಪ್ಯಾನಿಷರು: ಸಾಗಿಸಲು ಸಾಧ್ಯವಾದ ಕಲ್ಲುಗಳನ್ನು ಕಿತ್ತು ಊರಿನ ಚರ್ಚು, ಮನೆಗಳಿಗೆ ಒಯ್ದರು.

ಮಧ್ಯಾಹ್ನ ಕೊರಿಕಾಂಚಾ, ಅದಕ್ಕೆ ಪ್ರತ್ಯೇಕ ಟಿಕೆಟ್. ಈ ಇಂಕಾ ದೇಗುಲದ ಮೇಲೆ ಕಟ್ಟಿದ ಕ್ರೈಸ್ತ ಮಠ 1950ರ ಭೂಕಂಪದಲ್ಲಿ ಜಖಂಗೊಂಡಿತು, ಅಡಿಯ ಇಂಕಾ ಗೋಡೆಗಳು ನಿಂತೇ ಇದ್ದವು. ಒಳಕ್ಕೆ ತುಸು ವಾಲಿಸಿ ಕಟ್ಟಿರುವುದನ್ನು ಗಮನಿಸಿ. ಹಾತುನ್ ರುಮಿಯೋಕ್ ಬೀದಿಯ ಹನ್ನೆರಡು ಮೂಲೆಯ ಕಲ್ಲನ್ನೂ ನೋಡೋಣ, ಆದರೆ ಯಾರೂ ಮುಟ್ಟಬೇಡಿ. ಟೋಪಿ, ನೀರು, ಮಳೆಯಂಗಿ ಜೊತೆಗಿರಲಿ.