ಭಾನುವಾರದ ರಿವಾಲ್ವರ್ ಹೋಲಿಕೆ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 9ಕ್ಕೆ ರೇಂಜ್‌ನಲ್ಲಿ ಸ್ಮಿತ್ ಆಂಡ್ ವೆಸನ್, ಕೋಲ್ಟ್, ರೂಗರ್ ಕಂಪನಿಗಳ ಡಬಲ್ ಆಕ್ಷನ್ (ಟ್ರಿಗರ್ ಎಳೆದರೇ ಸುತ್ತಿಗೆ ಎದ್ದು ಬಡಿಯುವ) ರಿವಾಲ್ವರ್‌ಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲಿದ್ದೇವೆ. ರಿವಾಲ್ವರ್ ಅಭ್ಯಾಸ ಮಾಡುವವರೆಲ್ಲ ಬನ್ನಿ. ಪಿಸ್ತೂಲಿನವರು ನೋಡಲು ಬಂದರೂ ಸಂತೋಷ.

ಒಂದೇ ಬ್ರ್ಯಾಂಡ್‌ಗೆ ಅಂಟಿಕೊಳ್ಳುವುದು ಬರೀ ಹೆಸರಿನ ಮೋಹ ಅಂತ ನನಗೆ ಅನ್ನಿಸುವುದಿಲ್ಲ. ಅದು ಬೆರಳುಗಳ ರೂಢಿ. ಗುಂಡು ತುಂಬುವ ಸಿಲಿಂಡರ್ ತೆರೆಯಲು ಸ್ಮಿತ್‌ನ ಲ್ಯಾಚನ್ನು (ಚಿಲಕವನ್ನು) ಮುಂದಕ್ಕೆ ತಳ್ಳಬೇಕು, ಕೋಲ್ಟ್‌ನದನ್ನು ಹಿಂದಕ್ಕೆ ಎಳೆಯಬೇಕು, ರೂಗರ್‌ನಲ್ಲಿ ಗುಂಡಿ ಒಳಕ್ಕೆ ಒತ್ತಬೇಕು. ಹಿಂದಿನಿಂದ ನೋಡಿದರೆ ಕೋಲ್ಟ್‌ನ ಸಿಲಿಂಡರ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಉಳಿದೆರಡು ಅದಕ್ಕೆ ವಿರುದ್ಧ. ಸಾವಿರಾರು ಗುಂಡು ಹೊಡೆದ ಕೈ ಇದನ್ನು ಸುಲಭಕ್ಕೆ ಮರೆಯುವುದಿಲ್ಲ. ಜೊತೆಗೆ ಹೋಲ್‌ಸ್ಟರ್, ಗುಂಡುಗಳನ್ನು ಒಮ್ಮೆಗೇ ತುಂಬುವ ಸ್ಪೀಡ್‌ಲೋಡರ್ ಎಲ್ಲ ಆ ಒಂದು ಫ್ರೇಮಿಗೇ ಹೊಂದುವಂಥವು. 1955ರಲ್ಲಿ ಬಂದ ಕೋಲ್ಟ್ ಪೈಥಾನ್‌ನ ಟ್ರಿಗರ್ ನಯವನ್ನು ಮೆಚ್ಚಿದವರು ಬೇರೆಯದನ್ನು ಒಪ್ಪುವುದು ಕಷ್ಟ. ಪಕ್ಕದಲ್ಲಿ ಬಿಚ್ಚುವ ಮುಚ್ಚಳದ ತಟ್ಟೆ ಇಲ್ಲದ, ಗಟ್ಟಿ ಫ್ರೇಮಿನ ರೂಗರ್ ಜಿಪಿ100 ನೆಚ್ಚಿಕೊಂಡವರೂ ಅಷ್ಟೇ ಹಟದವರು!

ಬರುವಾಗ ರಿವಾಲ್ವರ್ ಖಾಲಿಯಾಗಿ ಕೇಸಿನಲ್ಲಿರಲಿ, ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ. ಪರವಾನಗಿ, ಕಣ್ಣು-ಕಿವಿಯ ರಕ್ಷಣೆ ಕಡ್ಡಾಯ. ಇನ್ನೊಬ್ಬರಿಗೆ ಕೊಡುವಾಗ ಸಿಲಿಂಡರ್ ತೆರೆದೇ ಕೊಡಿ. ಮಣಿಕಟ್ಟು ಝಾಡಿಸಿ ಸಿಲಿಂಡರ್ ಮುಚ್ಚುವುದು ದಯವಿಟ್ಟು ಬೇಡ, ಕ್ರೇನ್ (ಸಿಲಿಂಡರ್ ಹಿಡಿದಿರುವ ತೋಳು) ಬಾಗಿ ಜೋಡಣೆ ಕೆಡುತ್ತದೆ. ಮಾಲೀಕರನ್ನು ಕೇಳದೆ ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಎಳೆಯುವುದು) ಮಾಡಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಉತ್ತರಿಸಿ: ಯಾವ ಬ್ರ್ಯಾಂಡ್, ಯಾವ ಮಾದರಿ, ಯಾವ ಕ್ಯಾಲಿಬರ್, ಅದನ್ನೇ ಯಾಕೆ ಬಿಟ್ಟಿಲ್ಲ ಅಂತ ಒಂದು ಸಾಲು. ಅದರ ಮೇಲೆ ಲೇನ್ ಹಂಚುತ್ತೇನೆ.